ಒಣದ್ರಾಕ್ಷಿಗೆ ಹತ್ತಿದ ಮುಗ್ಗು ವಾಸನೆ

ಮಾತಾಡಲು ಸಂಕೋಚಪಡುವವರನ್ನು ಜನ ಒಳ್ಳೆಯವರೆಂದು ತಿಳಿಯುತ್ತಾರೆ. ನಮ್ಮಂಥವರಿಗೆ ಸಿಗುವ ಪುಕ್ಕಟೆ ಮರ್ಯಾದೆ ಅದು. ಬಬಲೇಶ್ವರದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದುವಾಗ ಉತ್ತರ ಗೊತ್ತಿದ್ದರೂ ನಾನು ಕೈ ಎತ್ತುತ್ತಿರಲಿಲ್ಲ. "ಪಾಪ, ಸಾಧು ಹುಡುಗಿ" ಎಂದು ಮಾಸ್ತರರು ಹೊಡೆಯದೆ ಬಿಡುತ್ತಿದ್ದರು. ಮೊಮ್ಮಕ್ಕಳೇ, ಆ ಚಟ ಇನ್ನೂ ಬಿಟ್ಟಿಲ್ಲ. ಈ ಸಲ ಪೆಟ್ಟು ಬಿದ್ದದ್ದು ನಿಮ್ಮವ್ವನಿಗೆ.

ನಿಮ್ಮವ್ವ ಸುಮಂಗಲಾ ತಿಕೋಟಾದಿಂದ ಒಣದ್ರಾಕ್ಷಿ ತರಿಸಿ, ಆರಿಸಿ, ಪಾಕೀಟು ಮಾಡಿ ಮಾರಲು ಶುರುಮಾಡಿದ್ದು ನಿಮಗೆ ಗೊತ್ತೇ ಇದೆ. ಇಬ್ರಾಹಿಂಪುರದ ನಮ್ಮ ಮನೆಯ ಹಿಂದಿನ ಖೋಲಿಯೇ ಅವಳ ಕಾರಖಾನೆ. ಮಳೆಗಾಲದಲ್ಲಿ ನೆಲ ತಂಪು ಹೊಡೆಯುತ್ತದೆ, ರಟ್ಟಿನ ಡಬ್ಬಿಗಳನ್ನು ನೆಲಕ್ಕಿಡಬೇಡ ಎಂದು ನಾಲ್ಕು ಹಲಗೆ ಕೊಟ್ಟವಳು ನಾನೇ. ನಿಮ್ಮ ಅಜ್ಜನ ಮಂಚದ ಹಲಗೆಗಳು. ಅವರು ತೀರಿಕೊಂಡ ಮೇಲೆ ಮಂಚ ಬಿಚ್ಚಿಸಿ ಅಟ್ಟಕ್ಕೇರಿಸಿದ್ದೆ.

ಗೋಳಗುಮ್ಮಟದ ಹತ್ತಿರದ ಅಂಗಡಿಯಿಂದ ಮೊದಲ ದೊಡ್ಡ ಆರ್ಡರು ಬಂದಾಗ ನಿಮ್ಮವ್ವ ದೇವರಿಗೆ ಕಾಯಿ ಒಡೆದಳು. ಹದಿನೈದು ದಿನಕ್ಕೆ ಮಾಲು ಪೂರಾ ವಾಪಸು ಬಂತು. ಅಂಗಡಿಯ ಸಾಹೇಬರು ತಾವೇ ಬಂದಿದ್ದರು.

"ಅಕ್ಕಾರ, ಮಾಲು ಕಣ್ಣಿಗೆ ಬಂಗಾರ ಐತ್ರಿ. ಬಾಯಾಗ ಹಾಕ್ಕೊಂಡ್ರ ತೊಯ್ದ ಗೋಣಿಚೀಲ ನೆಕ್ಕಿದಂಗ ಆಕ್ಕೈತ್ರಿ."

"ಸಾಹೇಬ್ರ, ನೀವ ಯಾವಾಗ ಗೋಣಿಚೀಲ ನೆಕ್ಕಿದ್ರಿ?" ಎಂದು ನಿಮ್ಮವ್ವ ನಗಲು ನೋಡಿದಳು. ಒಂದು ಕಾಳು ಬಾಯಿಗೆ ಹಾಕಿಕೊಂಡಳು. ನಗು ಅಲ್ಲೇ ನಿಂತಿತು.

ಸಾಹೇಬರು ಒಳ್ಳೆಯವರು. "ಇನ್ನೊಂದ್ ಸಲ ತಗೋತೀನ್ರಿ. ಅದೂ ಹಿಂಗ ಆದ್ರ ಮುಂದ ಆಗಂಗಿಲ್ಲ" ಎಂದು ಹೋದರು.

ಮೊದಲು ಇಲಿಯ ಮೇಲೆ ಸಂಶಯ ಬಂತು. ಆಮೇಲೆ ಅದೇ ಖೋಲಿಯ ಮೂಲೆಯಲ್ಲಿದ್ದ ನನ್ನ ಹಳೆಯ ಟ್ರಂಕಿನ ಮೇಲೆ. ವಯಸ್ಸಾದ ಮೈಗೇ ಒಂದು ವಾಸನೆ ಇರುತ್ತದಂತೆ ಎಂದು ನಾನು ಸೀಗೆಪುಡಿ ಹಚ್ಚಿಕೊಂಡು ದಿನಕ್ಕೆರಡು ಸಲ ಜಳಕ ಮಾಡಿದೆ. ನೆಗಡಿಯಾಯಿತು, ವಾಸನೆ ಹೋಗಲಿಲ್ಲ. ಕಡೆಗೆ ನಿಮ್ಮವ್ವ ತೊರವಿ ಕಡೆಯ ಒಬ್ಬ ಹುಡುಗಿಯನ್ನು ಕರೆಸಿದಳು. ತಿನ್ನುವ ಪದಾರ್ಥ ಪರೀಕ್ಷೆ ಮಾಡುವ ಓದು ಓದಿದವಳು. ಪಾಕೀಟು ಮೂಸಿದಳು, ಡಬ್ಬಿ ಮೂಸಿದಳು, ಬಗ್ಗಿ ಹಲಗೆ ಮೂಸಿದಳು.

"ಹಲಗಿಗೆ ಗೆದ್ದಲ ಔಷಧ ಹಚ್ಚೀರೇನ್ರಿ? ಕೆಲವು ಔಷಧಕ್ಕ ಬೂಸ್ಟು ಹತ್ತಿದ್ರ ಬ್ಯಾರೇ ಒಂದ್ ರಾಸಾಯನಿಕ ಆಕ್ಕೈತಿ. ಅದು ರಟ್ಟು, ಪ್ಲಾಸ್ಟಿಕ್ ಎಲ್ಲಾ ದಾಟಿ ಒಳಗ ಹೋಗ್ತೈತಿ. ಚಿಟಿಕಿಗಿಂತ ಕಡಿಮಿ ಇದ್ರೂ ಮಾಲು ಕೆಡ್ತೈತಿ."

"ಛೇ, ನಮ್ಮ ಮಾವಾರ ಮಂಚದ ಹಲಗಿ ಅವು. ಹಂಗೇನೂ ಹಚ್ಚಿಲ್ಲ. ಹೌದಿಲ್ಲರಿ ಅತ್ತಿ?"

ಇಬ್ಬರೂ ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

"ಹಂಗಾರ ರಟ್ಟಿನ ದೋಷಾನ ಇರಬೇಕು" ಎಂದಳು ಆ ಹುಡುಗಿ. ನಿಮ್ಮವ್ವ ಕೂಡಲೇ ಡಬ್ಬಿ ಮಾಡಿಕೊಡುವವನಿಗೆ ಫೋನು ಹಚ್ಚಿ, "ಯಣ್ಣಾ, ನಿನಗ ಮನ್ಯಾಗ ಹೆಂಡ್ರು ಮಕ್ಕಳು ಇಲ್ಲೇನು?" ಎಂದು ಶುರುಮಾಡಿದಳು. ಅವನ ತಪ್ಪು ಎಳ್ಳಷ್ಟೂ ಇರಲಿಲ್ಲ.

ನಿಮ್ಮ ಅಜ್ಜನಿಗೆ ಗೆದ್ದಲೆಂದರೆ ಹಾವಿಗಿಂತ ಭಯ. ವರ್ಷಕ್ಕೊಮ್ಮೆ ಮಂಚ ಹೊರಗೆ ಹಾಕಿ ಔಷಧ ಬಳಿಯುತ್ತಿದ್ದರು. ಮಳೆಗಾಲ ಬಂತೆಂದರೆ ಮಂಚದಿಂದ ಇದೇ ಮುಗ್ಗು ವಾಸನೆ. "ಮಂಚ ನಾರತೈತಿ" ಎಂದರೆ "ನಾರ್ಲಿ, ನಿಂತೈತಿಲ್ಲೋ" ಎನ್ನುತ್ತಿದ್ದರು. ಈ ಸಲ ಮಳೆ ಹಿಡಿದಾಗ ಹಿಂದಿನ ಖೋಲಿಯಲ್ಲಿ ಆ ವಾಸನೆ ಬಂತು. ಎಲ್ಲರಿಗಿಂತ ಮೊದಲು ನನಗೇ ಬಂತು. ದಿನಾ ಮಧ್ಯಾಹ್ನ ದ್ರಾಕ್ಷಿಯ ತೊಟ್ಟು ಆರಿಸುವ ನೆಪದಲ್ಲಿ ಬಾಗಿಲು ಮುಂದಕ್ಕೆಳೆದುಕೊಂಡು ಅಲ್ಲಿ ಕೂಡುತ್ತಿದ್ದೆ. ಮೈಗೆ ಸೀಗೆಪುಡಿ ತಿಕ್ಕಿಕೊಂಡೆನಲ್ಲ, ಅದು ನನಗೆ ನಾನೇ ಹಚ್ಚಿಕೊಂಡ ಸುಳ್ಳು. ಹಲಗೆ ಹೋದರೆ ಆ ವಾಸನೆಯೂ ಹೋಗುತ್ತದಲ್ಲ ಎಂದು ನಿಜ ಹೇಳಲು ಬಾಯಿ ಬರಲಿಲ್ಲ.

ನಾಳೆ ತಿಕೋಟಾದಿಂದ ಹೊಸ ಮಾಲು ಬರುತ್ತದೆ. ನಿಮ್ಮವ್ವ ಅದನ್ನೂ ಆ ಹಲಗೆಗಳ ಮೇಲೆಯೇ ಇಡುತ್ತಾಳೆ. ಅದಕ್ಕೇ ಇದನ್ನು ಬರೆದು ನಿಮ್ಮ ಪಾಟೀಚೀಲದಲ್ಲಿ ಇಡುತ್ತಿದ್ದೇನೆ. ಶಾಲೆಗೆ ಹೋಗುವ ಮೊದಲೇ ನಿಮ್ಮವ್ವನಿಗೆ ಕೇಳುವಂತೆ ದೊಡ್ಡದಾಗಿ ಓದಿರಿ. ಡಬ್ಬಿಯವನಿಗೂ ಅವಳು ಒಂದು ಫೋನು ಮಾಡಲಿ. ನಾನು ಅಷ್ಟೊತ್ತಿಗೆ ಬಬಲೇಶ್ವರದ ಬಸ್ಸಿನಲ್ಲಿ ಇರುತ್ತೇನೆ. ಸಂಜೆಗೆ ಬಂದು ಬೈಗುಳ ತಿನ್ನುತ್ತೇನೆ.

ಖೋಲಿಯಲ್ಲಿ ಎಣಿಸಿದರೆ ಹಲಗೆ ಮೂರೇ ಸಿಗುತ್ತವೆ. ನಾಲ್ಕನೆಯದನ್ನು ಹುಡುಕಬೇಡಿರಿ. ಇನ್ನು ಮುಂದೆ ನನ್ನ ಹಾಸಿಗೆಯ ಹತ್ತಿರ ಬಂದಾಗ ನೀವು ಮೂಗು ಮುಚ್ಚಿಕೊಂಡರೂ ನಾನು ಸಿಟ್ಟಾಗುವುದಿಲ್ಲ.