ಬೀರಪ್ಪ ಕಾಕಾ ಕಲಿಸಿದ ಬೌಲಿಂಗ್

ಕಲಿಯದೆ ಕೆಟ್ಟವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ನಾನು ಮನಸ್ಸಿಟ್ಟು ಕಲಿತು ಕೆಟ್ಟವನು. ಹನ್ನೆರಡನೆಯ ವಯಸ್ಸಿನಲ್ಲಿ ನನಗೆ ಬೌಲಿಂಗ್ ಕಲಿಸಿದವನು ಅಪ್ಪನ ತಮ್ಮ, ಸನಮಡಿಯಲ್ಲಿ ಕುರಿ ಕಾಯುತ್ತಿದ್ದ ಬೀರಪ್ಪ ಕಾಕಾ. ಕ್ರಿಕೆಟ್ಟನ್ನು ಅವನು ಚಹಾದಂಗಡಿಯ ಟಿವಿಯಲ್ಲಿ ನೋಡಿದ್ದಷ್ಟೇ. ಆದರೆ ಕಲ್ಲು ಒಗೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕುರಿ ಯಾರದೋ ಹೊಲಕ್ಕೆ ನುಗ್ಗಿದರೆ ಅದರ ಮೂತಿಯಿಂದ ಗೇಣು ದೂರಕ್ಕೆ ಕಲ್ಲು ಬೀಳಬೇಕು, ಕುರಿ ಬೆದರಿ ತಿರುಗಬೇಕು, ಮೈಗೆ ಮಾತ್ರ ತಾಗಕೂಡದು. ಗುರಿ ಎಂದರೆ ಅವನಿಗೆ ಅದೇ.

ಹಾಳು ಹೊಲದಲ್ಲಿ ಕಾಕಾ ಮೂರು ಜಾಲಿ ಕೋಲು ನೆಟ್ಟ. "ಕೈ ಕಿವಿಗಿ ಹತ್ತಿ ಹೋಗ್ಬೇಕು. ಮೊಣಕೈ ಮಡಚಬ್ಯಾಡ. ಕಣ್ಣು ಕೋಲಿನ ಮ್ಯಾಲಿರ್ಲಿ" ಎಂದ. ಇಲ್ಲಿಯವರೆಗೆ ಯಾರೂ ತಪ್ಪು ಹುಡುಕಲಾರರು. ಚೆಂಡು ಕೋಲಿಗೆ ಬಡಿದಾಗ ಮಾತ್ರ ಹೌಹಾರಿದ. "ಅಯ್ಯ ನಿನ್ನ! ಕುರಿ ಇದ್ರ ಕಾಲು ಮುರೀತಿದ್ದಿಲ್ಲೇನೋ? ಬಾಜೂಕ ಹಾಕು, ಬಾಜೂಕ!" ನಾನೇನು ಕಡಿಮೆ ಶಾಣ್ಯಾನೇ? ತಿಂಗಳುಗಟ್ಟಲೆ ಕೋಲಿಗೆ ತಾಗದಂತೆ ಪಕ್ಕಕ್ಕೇ, ಬಾಜೂಕ ಹಾಕಿದೆ.

ಮುಂದೆ ಜತ್ತದಲ್ಲಿ ತಾಲೂಕಿನ ಸಾಲಿ ಹುಡುಗರ ತಂಡಕ್ಕೆ ಆಯ್ಕೆ ನಡೆಯಿತು. ಅಷ್ಟರಲ್ಲಿ ಕಾಕಾನ ಗಂಟಲಲ್ಲಿ ಗಡ್ಡೆ ಬೆಳೆದು, ಡಾಕ್ಟರು ಮನೆಗೆ ಕರೆದೊಯ್ಯಿರಿ ಎಂದಾಗಿತ್ತು. "ಟೀಮಿನ್ಯಾಗ ನಿನ್ನ ಹೆಸರು ಬಂದದ್ದೊಂದು ಕೇಳಿ ಹೋಗ್ತೀನಿ" ಎಂದು ಮಂಚದ ಮೇಲೆ ಕಾಯುತ್ತಿದ್ದ.

ಹನ್ನೆರಡು ಚೆಂಡು ಹಾಕಿದೆ. ಬ್ಯಾಟು ಹಿಡಿದವನಿಗೆ ಒಂದೂ ಸಿಗಲಿಲ್ಲ, ಸ್ಟಂಪಿಗೂ ಒಂದೂ ತಾಗಲಿಲ್ಲ. ಎಲ್ಲವೂ ಒಂದೇ ಬೆರಳಿನ ಅಂತರದಲ್ಲಿ ಹೋದವು. ಆಯ್ಕೆಯ ಸರ್ ತಲೆ ಕೆರೆದುಕೊಂಡರು. "ಭಾಳ ಚಲೋ ಹಾಕ್ತಿ, ಖರೆ ಒಮ್ಮೆರ ಸ್ಟಂಪಿಗೆ ಹಾಕಲೇ ಮಾರಾಯಾ!" ಹಾಕಬೇಕೆಂದೇ ಓಡಿ ಬಂದೆ. ಕೈ ನನ್ನ ಮಾತು ಕೇಳಲಿಲ್ಲ. ಹೆಸರು ಬರಲಿಲ್ಲ.

ಕಾಕಾ ಎಲ್ಲ ಕೇಳಿಸಿಕೊಂಡ. ಆಮೇಲೆ, ಇದ್ದಷ್ಟು ದನಿಯಲ್ಲಿ, "ನಾನೇ ತಪ್ಪ ಕಲಿಸಿದ್ನೇನೋ ತಮ್ಮಾ?" ಎಂದ. ಅವ್ವ ನನಗೆ ಕಣ್ಸನ್ನೆ ಮಾಡಿದಳು. ಇಲ್ಲ ಕಾಕಾ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. "ಹೂಂ, ನೀನೇ ನನ್ನ ಹಾಳ ಮಾಡಿದಿ" ಎಂದುಬಿಟ್ಟೆ. ಅವನು ತಲೆಯಾಡಿಸಿದ. ನಾಲ್ಕು ದಿನ ಸಿಟ್ಟಿನಲ್ಲಿ ಅವನ ಮಂಚದ ಹತ್ತಿರ ಹೋಗಲಿಲ್ಲ. ಐದನೆಯ ದಿನ ಹೋಗುವ ಹೊತ್ತಿಗೆ ಕಾಕಾ ಇರಲಿಲ್ಲ.

ಈಗ ನಾನು ಬಿಳೂರಿನಲ್ಲಿ ಮಾಸ್ತರ. ಸಂಜೆ ಹುಡುಗರಿಗೆ ಬೌಲಿಂಗ್ ಹೇಳಿಕೊಡುತ್ತೇನೆ. "ನಿಮಗ ಯಾರು ಕಲಿಸ್ಯಾರ್ರೀ ಸರ?" ಎಂದು ಅವರು ಕೇಳುತ್ತಾರೆ. ಮೊಬೈಲ್ ನೋಡಿ ಕಲಿತೆ ಎನ್ನುತ್ತೇನೆ. ಕಾಕಾನ ಹೆಸರು ಹೇಳಿದರೆ, ನಾನು ಅವನಿಗೆ ಏನಂದೆ ಎಂಬುದನ್ನೂ ಹೇಳಬೇಕಾಗುತ್ತದಲ್ಲ.