ಬಳೆ ಬಾರದ ಹೆಡ್‌ಫೋನು

ನನ್ನ ಚಿಕ್ಕಪ್ಪ ಹರಿಹರದಲ್ಲಿ ಬಸ್ಸು ಹತ್ತಿದರು ಅಂತ ಸುದ್ದಿ ಬಂದರೆ ದಾವಣಗೆರೆಯ ಅಂಗಡಿಗಳು ಅಂದು ಬಾಗಿಲು ಹಾಕಿಕೊಳ್ಳುವುದು ಕ್ಷೇಮ! ಇದು ಉತ್ಪ್ರೇಕ್ಷೆ ಅನ್ನುವವರು ಅವರ ಜೊತೆ ಒಂದೇ ಒಂದು ಸಲ ಪ್ಲಾಸ್ಟಿಕ್ ಬಕೆಟ್ ಕೊಳ್ಳಲು ಹೋಗಿಬರಲಿ. ನಾನು ಹೋಗಿ ಬಂದವಳು. ಹಿಡಿಕೆ ಕೂರುವ ಎರಡು ತೂತುಗಳು ಒಂದೇ ಎತ್ತರದಲ್ಲಿವೆಯೇ ಎಂದು ನೋಡುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಇರಲಿಲ್ಲವಂತೆ. ಬಕೆಟ್ ಕೊಳ್ಳಲಿಲ್ಲ. ಅಂಗಡಿಯವನು ಮಾತ್ರ ಅಂದಿನಿಂದ ತನ್ನ ಬಕೆಟ್ಟುಗಳನ್ನೆಲ್ಲ ಅನುಮಾನದಿಂದ ನೋಡುತ್ತಾನೆ.

ಅಳೆಯಲು ಅವರ ಬಳಿ ಆಯುಧವೇ ಇದೆ. ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವರು ಅವರು. ಉಕ್ಕಿನ ಎರಡು ದವಡೆಗಳ ನಡುವೆ ವಸ್ತುವನ್ನು ಕಚ್ಚಿಸಿ, ಕೂದಲೆಳೆಯ ದಪ್ಪವನ್ನೂ ಹೇಳಿಬಿಡುವ ವರ್ನಿಯರ್ ಎಂಬ ಅಳತೆ ಸಾಧನ ಅವರ ಅಂಗಿಯ ಜೇಬಿನಲ್ಲಿರುತ್ತದೆ, ಬೇರೆಯವರು ಪೆನ್ನು ಸಿಕ್ಕಿಸುವ ಜಾಗದಲ್ಲಿ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅದು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಒಮ್ಮೆ ಹೋಟೆಲಿನಲ್ಲಿ ಬೆಣ್ಣೆ ದೋಸೆ ಬಂದ ಕೂಡಲೇ ವರ್ನಿಯರ್ ತೆಗೆದು ದೋಸೆಯ ಅಂಚನ್ನು ಕಚ್ಚಿಸಿದರು.

"ಹೋದ ತಿಂಗಳಿಗಿಂತ ಅರ್ಧ ಮಿಲಿಮೀಟರ್ ಕಮ್ಮಿ ಐತಲ್ರಿ?"

ಹೋಟೆಲಿನ ಯಜಮಾನರು ಗಲ್ಲಾದಿಂದ ಎದ್ದು ಬಂದು ಕೈಮುಗಿದರು. "ಯಜಮಾನ್ರೆ, ತಿನ್ನಾಕ ಬಂದೀರೋ, ತಪಾಸಣಿಗೆ ಬಂದೀರೋ?"

"ಎರಡಕ್ಕೂ. ಮೊದ್ಲು ತಪಾಸಣಿ."

ನಾನು ತಲೆ ತಗ್ಗಿಸಿ ಚಟ್ನಿಯನ್ನು ನೋಡುತ್ತಾ ಕುಳಿತೆ. ನಾಲ್ಕು ಜನರೆದುರು ಗಟ್ಟಿಯಾಗಿ ನಗಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ಹೇಳಿಕೊಟ್ಟಿದ್ದರು. ಪಾಪ, ಅವರಲ್ಲಿ ಯಾರಿಗೂ ನನ್ನ ಚಿಕ್ಕಪ್ಪನ ಪರಿಚಯವಿರಲಿಲ್ಲ!

ಈ ವರ್ನಿಯರ್ ಅವರ ಮದುವೆಯನ್ನೇ ಮುರಿಯುವುದರಲ್ಲಿತ್ತು ಅನ್ನುವುದು ನಮ್ಮ ಮನೆಯ ಇತಿಹಾಸ. ನಾನಾಗ ಮೂರನೇ ಕ್ಲಾಸು. ನಿಶ್ಚಿತಾರ್ಥದ ದಿನ ಗಂಡಿನ ಕಡೆಯಿಂದ ಹುಡುಗಿಗೆ ಬಳೆ ತೊಡಿಸಲು ಹರಿಹರದ ಬಳೆಗಾರ ಚಾಚಾ ಬಂದಿದ್ದರು. ಚಿಕ್ಕಮ್ಮನ ಬೆರಳ ಗೆಣ್ಣುಗಳನ್ನು ಒಮ್ಮೆ ಅಮುಕಿ ನೋಡಿ, "ಎರಡು ಆರು" ಎಂದರು. ಬಳೆಗಾರರ ಲೆಕ್ಕದಲ್ಲಿ ಅದೊಂದು ಸೈಜು. ಅಷ್ಟರಲ್ಲಿ ಮದುಮಗ ಎದ್ದೇಬಿಟ್ಟರು! ತುಂಬಿದ ಸಭೆಯಲ್ಲಿ ಜೇಬಿನಿಂದ ವರ್ನಿಯರ್ ಎಳೆದು, ಇನ್ನೂ ತಾಳಿ ಕಟ್ಟದ ಹುಡುಗಿಯ ಕೈಯನ್ನು ಅದರ ದವಡೆಗೆ ಕೊಟ್ಟು, "ಎರಡು ಆರು ಅಲ್ಲ ಚಾಚಾ, ಎರಡು ಐದು" ಎಂದರು.

ಹೆಣ್ಣಿನ ಕಡೆಯವರೆಲ್ಲ ಮುಖ ಮುಖ ನೋಡಿಕೊಂಡರು. ನಮ್ಮಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಚಾಚಾ ಮಾತ್ರ ಅಲುಗಲಿಲ್ಲ. "ಎರಡು ಐದು ಅಂತ ಸೈಜ್ ದುನಿಯಾದಾಗೇ ಇಲ್ಲ ಬೇಟಾ. ಬೇಕಂದ್ರೆ ನಿಮ್ಮ ಕಾರ್ಖಾನಿಯಾಗೆ ಮಾಡ್ಕೊಂಡು ಬಾ."

ಹುಡುಗಿ ಕಿಸಕ್ಕೆಂದು ನಕ್ಕಿತು. ಮದುವೆ ಉಳಿಯಿತು. ಎರಡು ಆರರ ಹಸಿರು ಬಳೆಗಳು ಕೈಯೇರಿದವು. ಅಳತೆ ಸುಳ್ಳು ಹೇಳುತ್ತದೆಯೇ? ಬಳೆ ಅರ್ಧ ಸೈಜು ಸಡಿಲವೇ ಆಯಿತು. ಚಿಕ್ಕಮ್ಮ ಕೈಯೆತ್ತಿದರೂ ಸದ್ದು, ಇಳಿಸಿದರೂ ಸದ್ದು. "ನಮ್ಮನೇರು ಮನೆಯಾಗೆ ಎಲ್ಲಿದಾರೆ ಅಂತ ಹುಡುಕಂಗೇ ಇಲ್ಲ" ಎಂದು ಚಿಕ್ಕಪ್ಪ ದೂರಿನ ಧಾಟಿಯಲ್ಲಿ ಹೇಳುತ್ತಿದ್ದರು. ಆದರೆ ಮುಂದೆ ಯಾವತ್ತೂ ಬೇರೆ ಸೈಜು ಕೊಡಿಸಲಿಲ್ಲ.

ಮದುವೆಯಾದ ಮೊದಲ ವರ್ಷ ಅವರು ಯಾರಿಂದಲೋ ಟೇಪ್ ರೆಕಾರ್ಡರ್ ಎರವಲು ತಂದಿದ್ದರು. ಚಿಕ್ಕಮ್ಮ ಮೊರದಲ್ಲಿ ಜೋಳ ಕೇರುತ್ತಾ, ತಮ್ಮ ಅವ್ವ ಹಾಡುತ್ತಿದ್ದ ಬೀಸುವ ಹಾಡೊಂದನ್ನು ಹಾಡಿಕೊಳ್ಳುತ್ತಿದ್ದಾಗ ಬಾಗಿಲ ಹಿಂದೆ ನಿಂತು ಕಳ್ಳತನದಲ್ಲಿ ರೆಕಾರ್ಡು ಮಾಡಿದರು. ಮೂರು ನಿಮಿಷ ಚಿಲ್ಲರೆ ಹಾಡು. ಮೊರದ ಏಟಿಗೆ ತಾಳ ಹಾಕಿದ ಹಾಗೆ ಬಳೆಗಳ ಸದ್ದು. ಆಮೇಲೆ ಚಿಕ್ಕಮ್ಮ ಎಷ್ಟೋ ಸಾವಿರ ಸಲ ಹಾಡಿರಬಹುದು, ಯಾರು ರೆಕಾರ್ಡು ಮಾಡುತ್ತಾರೆ? ನಾಲ್ಕು ವರ್ಷದ ಕೆಳಗೆ ಅವರ ಗಂಟಲಿನ ಗ್ರಂಥಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಒಡೆಯಿತು. ಮಾತಿಗೇನೂ ತೊಂದರೆಯಿಲ್ಲ, ಗಂಡನನ್ನು ಬೈಯುವಷ್ಟು ಧಾರಾಳವಾಗಿದೆ. ಹಾಡು ಮಾತ್ರ ಇಲ್ಲ. ಅಲ್ಲಿಂದ ಚಿಕ್ಕಪ್ಪ ದಿನಾ ಸಂಜೆ ಆ ಕ್ಯಾಸೆಟ್ಟು ಹಾಕಿಕೊಂಡು ಕೂರತೊಡಗಿದರು. ಕೊನೆಗೊಂದು ದಿನ ಟೇಪ್ ರೆಕಾರ್ಡರ್ರೇ ಟೇಪನ್ನು ಕಚ್ಚಿ ನುಂಗಿತು. ದಾವಣಗೆರೆಯ ಹಳೆಯ ಸ್ಟುಡಿಯೋದವರೊಬ್ಬರು ಅದನ್ನು ಬಿಡಿಸಿ, ಅಂಟಿಸಿ, ಹಾಡನ್ನು ಉಗುರಿನಷ್ಟು ಮೆಮೊರಿ ಕಾರ್ಡಿಗೆ ಇಳಿಸಿಕೊಟ್ಟರು.

"ಹಾಡು ಸಿಕ್ತು ಪುಟ್ಟೀ. ಕೇಳಾಕೊಂದು ಮಿಷನ್ನು, ಕಿವಿಗೊಂದು ಹೆಡ್‌ಫೋನು ಬೇಕು. ಭಾನುವಾರ ಬರ್ತೀನಿ" ಎಂದು ಫೋನು ಮಾಡಿದರು. ಹೌದು, ನಲವತ್ತೆಂಟರ ನಾನು ಅವರಿಗೆ ಇನ್ನೂ ಪುಟ್ಟಿಯೇ. ಸುದ್ದಿ ತಿಳಿದ ನನ್ನ ಯಜಮಾನರಿಗೆ ಆಫೀಸಿನಲ್ಲಿ ತುರ್ತು ಮೀಟಿಂಗ್ ಬಂತು. ಭಾನುವಾರ!

ಮೊಬೈಲಿನಲ್ಲೇ ಕೇಳಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಮೊದಲ ಅಂಗಡಿಯವನಿಗೂ ಹಾಗೇ ಅನ್ನಿಸಿತು.

"ಕೇಳಿದೆನಪಾ. ಹಾಡು ಎರಡನೇ ಸಾಲಿಗೆ ಬಂದಿತ್ತು. ಯಾರೋ ಹೆಣ್ಮಗಳು ನಡುವೆ ಬಂದು ಸಾಲ ಬೇಕೇನ್ರಿ ಸರ್ ಅಂದ್ಲು. ನಮ್ಮನೇರು ಹಾಡೋವಾಗ ಇನ್ನೊಬ್ಬರ ದನಿ ಬ್ಯಾಡ ನನಗೆ."

ಪ್ಲೇಯರು ಬೇಗನೇ ಆಯ್ಕೆಯಾಯಿತು, ಅಂದರೆ ಒಂದು ಗಂಟೆಯಲ್ಲಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಕಪ್ಪು ಬಣ್ಣ, ಒತ್ತಿದರೆ ಟಕ್ಕೆನ್ನುವ ಗುಂಡಿಗಳು. ದಪ್ಪ ಅಳೆದರು. ಜೇಬಿನಲ್ಲಿ ವರ್ನಿಯರಿನ ಪಕ್ಕ ಅದು ಕೂರಬೇಕಲ್ಲ! ಆಮೇಲೆ ಹೆಡ್‌ಫೋನಿನ ಸರದಿ. "ನೀನು ಕಾನ್ವೆಂಟ್‌ನಾಗೆ ಓದಿದಾಕೆ, ಡಬ್ಬಿ ಮ್ಯಾಲೆ ಏನ್ ಬರದಾರೆ ಓದು" ಎಂದರು. ನಾನು ಓದಿ ಓದಿ ಹೇಳಿದೆ. ಪ್ರತಿ ಡಬ್ಬಿಯೂ ಅದ್ಭುತ ಅನುಭವದ ಭರವಸೆ ಕೊಡುತ್ತಿತ್ತು. ಚಿಕ್ಕಪ್ಪ ಯಾವುದನ್ನೂ ನಂಬಲಿಲ್ಲ. ಕೈಚೀಲದಿಂದ ಒಂದು ಪೊಟ್ಟಣ ತೆಗೆದರು. ಖಾರ ಮಂಡಕ್ಕಿ!

"ಸಂಜಿಗೆ ಹಾಡು ಕೇಳ್ತಾ ನಾನು ಮಂಡಕ್ಕಿ ತಿಂತೀನಿ. ತಿಂತಾ ಕೇಳದಿದ್ರೆ ಅದೆಂಥ ಹೆಡ್‌ಫೋನು?"

ಕಿವಿಯೊಳಗೆ ತುರುಕುವ ಚಿಕ್ಕ ಗುಂಡಿಗಳನ್ನು ಹಾಕಿಕೊಂಡು ಒಂದು ಮುಕ್ಕು ಮಂಡಕ್ಕಿ ಬಾಯಿಗೆಸೆದರು. ಎರಡು ಸಲ ಅಗಿದು ದಿಗಿಲಿನಿಂದ ಕಣ್ಣರಳಿಸಿದರು. "ತಲಿಯೊಳಗ ಕಲ್ಲು ಒಡದಂಗ ಐತೆ!"

ಅಂಗಡಿಯವನು ನಂಬಲಿಲ್ಲ. ಅವನ ಕಿವಿಗೂ ಒಂದು ಜೊತೆ ಹಾಕಿ ಬಾಯಿಗೂ ಒಂದು ಮುಕ್ಕು ಹಾಕಿದರು. ಸಾಕ್ಷಿಗೆ ನನಗೂ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮೂರು ಜನ ಸಾಲಾಗಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಗಂಭೀರವಾಗಿ ಮಂಡಕ್ಕಿ ಅಗಿಯುತ್ತಿದ್ದೇವೆ! ಸಿಸ್ಟರುಗಳು ಹೇಳಿಕೊಟ್ಟಂತೆ ನಾನು ಬಾಯಿ ಮುಚ್ಚಿಕೊಂಡೇ ಅಗಿದೆ. ಚಿಕ್ಕಪ್ಪ ಹೇಳಿದ್ದು ನಿಜ. ಹಾಡು ಎಲ್ಲೋ ದೂರದಲ್ಲಿತ್ತು, ಕಲ್ಲು ಕ್ವಾರಿ ಹತ್ತಿರದಲ್ಲಿತ್ತು. "ಖರೆ ಐತಲ್ರಿ!" ಎಂದ ಅಂಗಡಿಯವನು ಇನ್ನೊಂದು ಮುಕ್ಕು ಕೇಳಿ ಇಸಿದುಕೊಂಡ.

ಎರಡನೇ ಅಂಗಡಿಯಲ್ಲಿ ಇಡೀ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನು. ಮೆತ್ತೆಯ ದಪ್ಪ, ತಮ್ಮ ಕಿವಿಯ ಉದ್ದ ಎರಡನ್ನೂ ಅಳೆದು ಹೊಂದಾಣಿಕೆ ನೋಡಿದರು. ಮಂಡಕ್ಕಿ ಪರೀಕ್ಷೆಯಲ್ಲಿ ಅದು ಹೇಗೋ ಪಾಸಾಯಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಚಿಕ್ಕಪ್ಪ ತಲೆಯಾಡಿಸಿದರು.

"ಬಳೆ ಬರ್ತಿಲ್ಲ."

"ಬಳೆಯಾ?" ಎಂದ ಅಂಗಡಿಯವನು. "ಬಳೆ ಅಂಗಡಿ ಆ ಕಡಿ ಓಣಿಯಾಗೈತ್ರಿ ಯಜಮಾನ್ರೆ."

"ಹಾಡಿನಾಗಿನ ಬಳೆ ಕಣಯ್ಯಾ! ನಮ್ಮನೇರ ದನಿ ಬರ್ತೈತೆ, ಮೊರದ ಸದ್ದು ಬರ್ತೈತೆ. ಬಳೆ ಬರ್ತಿಲ್ಲ."

ಮೂರನೇ ಅಂಗಡಿ, ಬಳೆ ಬರಲಿಲ್ಲ. ನಾಲ್ಕನೆಯದು, ಬಳೆ ಬರಲಿಲ್ಲ. ನೀಲಿ ಹೆಡ್‌ಫೋನು, ಕೆಂಪು ಹೆಡ್‌ಫೋನು, ತಂತಿಯಿರುವುದು, ತಂತಿಯಿಲ್ಲದ್ದು. ಮಂಡಕ್ಕಿ ಮುಗಿಯಿತು, ಬಳೆ ಬರಲಿಲ್ಲ. ಮಂಡಿಪೇಟೆಯ ಐದನೇ ಅಂಗಡಿ ಮುಟ್ಟುವಷ್ಟರಲ್ಲಿ ಅವರ ಮುಖದಲ್ಲಿದ್ದ ಠೀವಿ ಇಳಿದಿತ್ತು. ವರ್ನಿಯರನ್ನು ಹೊರಗೆ ತೆಗೆಯಲೇ ಇಲ್ಲ. ಆಗ ನನಗೆ ಮೊದಲ ಸಲ ಅಳುಕಾಯಿತು.

ಐದನೇ ಅಂಗಡಿಯ ಭಾಯ್ ನೆರೆತ ಗಡ್ಡದ, ನಿಧಾನದ ಮನುಷ್ಯ. ಚಿಕ್ಕಪ್ಪನ ಅಹವಾಲನ್ನೆಲ್ಲ ಕೇಳಿ, ಕಪಾಟಿನ ಮೇಲಿನಿಂದ ಒಂದು ಕಪ್ಪು ಹೆಡ್‌ಫೋನು ಇಳಿಸಿ, ಮೊದಲು ತಾವೇ ಹಾಕಿಕೊಂಡು ಹಾಡು ಕೇಳಿದರು. ಆಮೇಲೆ ಚಿಕ್ಕಪ್ಪನ ತಲೆಗೆ ಹಾಕಿದರು. ಬರಲಿಲ್ಲ. "ಅಕ್ಕಾ, ನೀವೊಂದು ಸರಿ ಕೇಳ್ರಿ" ಎಂದು ನನಗೆ ಕೊಟ್ಟರು.

ನಾನು ಅಲ್ಲಿಯವರೆಗೆ ಡಬ್ಬಿ ಓದಿದ್ದೆ, ಮಂಡಕ್ಕಿ ತಿಂದಿದ್ದೆ, ಹಾಡನ್ನು ಸರಿಯಾಗಿ ಕೇಳಿರಲಿಲ್ಲ. ಈಗ ಕೇಳಿದೆ. ಚಿಕ್ಕಮ್ಮನ ಇಪ್ಪತ್ತರ ದನಿ. ಮೊರದ ಏಟು. ಅದರ ಬೆನ್ನಿಗೇ ಕಿಣಿಕಿಣಿ, ಕಿಣಿಕಿಣಿ. ಎಷ್ಟು ಸ್ಪಷ್ಟ ಎಂದರೆ ಎಣಿಸಬಹುದಿತ್ತು! ನಾನು ಕಣ್ಣೆತ್ತಿದೆ. ಭಾಯ್ ನನ್ನನ್ನೇ ನೋಡುತ್ತಿದ್ದರು. ಬಳೆ ಎಲ್ಲ ಅಂಗಡಿಯಲ್ಲೂ ಬಂದಿತ್ತು. ಚಿಕ್ಕಪ್ಪನ ಕಿವಿಗೆ ಮಾತ್ರ ಬಂದಿರಲಿಲ್ಲ.

"ಬಂತೇನು ಪುಟ್ಟೀ?"

ಸುಳ್ಳು ಹೇಳುವುದು ಪಾಪ ಎಂದು ಕಲಿತವಳು ನಾನು. "ಇಲ್ಲಿ ರಸ್ತೆ ಗದ್ದಲ ಜಾಸ್ತಿ ಚಿಕ್ಕಪ್ಪ" ಎಂದೆ. ಅದು ಪೂರ್ತಿ ಸುಳ್ಳೇನಲ್ಲ.

ಭಾಯ್ ಅದನ್ನೇ ಹಿಡಿದುಕೊಂಡರು. "ಹೌದ್ರಿ ಸಾಹೇಬ್ರೆ. ಮನೀಗೆ ಒಯ್ದು ಆರಾಮಾಗಿ ಕೇಳ್ರಿ. ಬಳೆ ಬರ್ಲಿಲ್ಲ ಅಂದ್ರೆ ವಾಪಸ್ ತರ್ರಿ. ಇನ್‌ಶಾ ಅಲ್ಲಾ, ಬರ್ತೈತೆ."

ಅವರನ್ನು ಒಬ್ಬರೇ ಕಳಿಸಲು ಮನಸ್ಸಾಗದೆ ನಾನೂ ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಚಿಕ್ಕಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. "ಇದು ಕೊನೇದು. ಇದರಾಗೂ ಬರದಿದ್ರೆ ಕಾರ್ಡನ್ನ ಟ್ರಂಕಿಗೆ ಹಾಕಿಡ್ತೀನಿ. ಅರ್ಧಂಬರ್ಧ ಕೇಳೋಕಿಂತ ಕೇಳದಿರೋದೇ ವಾಸಿ. ಆ ಸ್ಟುಡಿಯೋದೋನೇ ಬಳೆ ಬಿಟ್ಟು ಹಾಡು ಇಳಿಸಿದ್ನೋ ಏನೋ."

ಮನೆಯಲ್ಲಿ ಅವರು ಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನಾನು ಅಡುಗೆಮನೆಗೆ ನುಗ್ಗಿ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಚಿಕ್ಕಮ್ಮ ಒಡಕು ದನಿಯಲ್ಲಿ ನಕ್ಕರು.

"ನನಗೆ ಗೊತ್ತಿಲ್ಲೇನು? ಮೊದ್ಲು ಒಗ್ಗರಣಿಗೆ ಸಾಸಿವೆ ಚಟಪಟ ಅಂದ್ರೆ ಕಟ್ಟೆ ಮ್ಯಾಲಿಂದ್ಲೇ ಕೂಗೋರು, ಹೊತ್ತುತ್ತೆ ನೋಡೇ ಅಂತ. ಎರಡು ವರ್ಷಾತು, ಕೂಗಿಲ್ಲ. ಡಾಕ್ಟರ್ ತಾವ ಹೋಗಿ ಬಂದಾರೆ. ಕಾರ್ಖಾನಿ ಗದ್ದಲಕ್ಕೆ ಸಣ್ಣ ಸದ್ದು ಕೇಳೋ ನರ ಹೋಗೈತಂತೆ. ಆ ಚೀಟೀನ ದೇವರ ಫೋಟೋದ ಹಿಂದೆ ಬಚ್ಚಿಟ್ಟಾರೆ. ಅಲ್ಲಿ ದಿನಾ ಒರೆಸೋಳು ನಾನು!"

"ಅವರಿಗೇ ಗೊತ್ತಿದ್ದೂ ಊರೆಲ್ಲ ಸುತ್ತಿಸಿದ್ರಾ?"

"ಗೊತ್ತಿದ್ರೇನಾತು? ಯಾವ್ದಾರ ಒಂದು ಹೆಡ್‌ಫೋನಿನಾಗೆ ಡಾಕ್ಟರ್ ಮಾತು ಸುಳ್ಳಾಗ್ಲಿ ಅಂತ ಆಸೆ ಇರ್ತೈತಲ್ಲ ಪುಟ್ಟೀ" ಎಂದು ಚಿಕ್ಕಮ್ಮ ಒಲೆ ಆರಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

ಸಂಜೆಯ ಬಿಸಿಲು ಕಟ್ಟೆಯ ಮೇಲಿತ್ತು. ಚಿಕ್ಕಪ್ಪ ಕಂಬಕ್ಕೆ ಒರಗಿ ಕುಳಿತು, ಹೆಡ್‌ಫೋನು ಏರಿಸಿ, ಕಣ್ಣು ಮುಚ್ಚಿದರು. ಪ್ಲೇಯರು ನನ್ನ ಕೈಯಲ್ಲಿತ್ತು. ಗುಂಡಿ ಒತ್ತಿದೆ. ಮೊದಲ ಸಾಲು ಮುಗಿದಿರಬೇಕು, ಅವರ ಹುಬ್ಬು ಗಂಟಾಯಿತು. ಬಂದಿಲ್ಲ. ತೆಗೆಯಲು ಕೈ ಎತ್ತಿದರು.

ಆಗ ಚಿಕ್ಕಮ್ಮ ಸದ್ದಿಲ್ಲದೆ ಅವರ ಬೆನ್ನ ಹಿಂದೆ ಬಂದು ಕುಳಿತರು. ಬಳೆಗೈಯನ್ನು ಹೆಡ್‌ಫೋನಿನ ಪಟ್ಟಿಗೆ ತಾಗಿಸಿ, ಮೆಲ್ಲಗೆ ಕುಣಿಸತೊಡಗಿದರು. ಗಾಜು ಪಟ್ಟಿಗೆ ಬಡಿದು, ಪಟ್ಟಿ ಆ ಬಡಿತವನ್ನು ತಲೆಗೆ ಮುಟ್ಟಿಸುತ್ತಿತ್ತು. ಚಿಕ್ಕಮ್ಮನ ತುಟಿಗಳು ದನಿಯಿಲ್ಲದೆ ಹಾಡನ್ನು ಹೇಳುತ್ತಿದ್ದವು. ಚಿಕ್ಕಪ್ಪ ಎತ್ತಿದ ಕೈ ಹಾಗೇ ನಿಂತಿತು.

"ಬಂತು!" ಎಂದರು ಚಿಕ್ಕಪ್ಪ. ಕಣ್ಣು ತೆರೆಯಲಿಲ್ಲ. "ಪುಟ್ಟೀ, ಬಂತು ನೋಡು ಬಳೆ. ಅರ್ಧ ಸೈಜು ಸಡಿಲ."

ಮಂಡಕ್ಕಿ ಮರೆತರು. ವರ್ನಿಯರ್ ಮರೆತರು. ತಾಳಕ್ಕೆ ಸರಿಯಾಗಿ ತಲೆದೂಗುತ್ತಾ ಕುಳಿತರು. ನಾನು ಕೈಯಲ್ಲಿದ್ದ ಪ್ಲೇಯರಿನ ಪುಟ್ಟ ಪರದೆಯತ್ತ ನೋಡಿದೆ. ಚಿಕ್ಕಮ್ಮನಿಗೆ ಹೆಡ್‌ಫೋನಿನೊಳಗಿನದು ಕೇಳುವುದಿಲ್ಲವಲ್ಲ, ನೆನಪಿನ ಮೇಲೆ ತಾಳ ಹಾಕುತ್ತಿದ್ದರು, ಅದೂ ವಯಸ್ಸಿಗೆ ತಕ್ಕಂತೆ ಸ್ವಲ್ಪ ನಿಧಾನವಾಗಿ. ಪರದೆಯಲ್ಲಿ ಹಾಡು ಮುಗಿದು ಅಂಕಿಗಳು ನಿಂತುಹೋಗಿದ್ದವು. ಚಿಕ್ಕಮ್ಮನ ತುಟಿಯಲ್ಲಿ ಇನ್ನೂ ಎರಡು ಸಾಲು ಬಾಕಿಯಿತ್ತು.

ಚಿಕ್ಕಪ್ಪ ಕಣ್ಣು ಮುಚ್ಚಿಯೇ ತಲೆದೂಗುತ್ತಿದ್ದರು.