ಝೂಮಿನಲ್ಲಿ ಭುಜ ಒತ್ತುವ ವಿದ್ಯೆ

ಕರುಣಾಕರನ ಎಡಭುಜಕ್ಕೆ ಯಾವ ನೋವೂ ಇರಲಿಲ್ಲ. ಆದರೂ ಕೆಲವು ದಿನಗಳಿಂದ ಅದನ್ನು ಹಿಡಿದುಕೊಂಡು ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಮನೆಯಿಡೀ ನರಳುತ್ತ ಓಡಾಡುತ್ತಿದ್ದ. ಹೆಂಡತಿ ಸುಗಂಧಿ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, "ಮಾತ್ರೆ ಡ್ರಾವರಿನಲ್ಲಿ ಉಂಟು" ಎನ್ನುತ್ತಿದ್ದಳು. ಮಾತ್ರೆ ಯಾರಿಗೆ ಬೇಕಿತ್ತು! ಅವನಿಗೆ ಬೇಕಾಗಿದ್ದುದು ಅವಳ ಕೈ.

ಮದುವೆಯಾದ ಹೊಸದರಲ್ಲಿ, ಲಾಸ್ ಏಂಜಲೀಸಿನ ಹತ್ತಿರದ ಡೈಮಂಡ್ ಬಾರ್ ಎಂಬ ಊರಿನ ಬಾಡಿಗೆ ಮನೆಯಲ್ಲಿ, ಇಂಥ ಭಿಕ್ಷಾಟನೆಯೇ ಇರಲಿಲ್ಲ. ಆಫೀಸಿನಿಂದ ಬಂದು "ಅಯ್ಯೋ ಭುಜ" ಎಂದರೆ ಸಾಕು, ಅವನನ್ನು ಕಾರ್ಪೆಟ್ಟಿನ ಮೇಲೆ ಕೂರಿಸಿ, ತಾನು ಸೋಫಾದಲ್ಲಿ ಕುಳಿತು, ಊರಿನ ಸುದ್ದಿ ಹೇಳುತ್ತ ಒತ್ತುತ್ತಿದ್ದಳು. (ಸೋಫಾ ಯಾರೋ ರಸ್ತೆಬದಿ ಬಿಟ್ಟುಹೋದದ್ದು, ಸುಖ ಮಾತ್ರ ಅರಮನೆಯದು.) ಎಂಥ ದಿನಗಳವು! ಸ್ಯಾನ್ ಡಿಯಾಗೋಗೆ ಬಂದ ಮೇಲೆ ಮನೆ ದೊಡ್ಡದಾಯಿತು, ಸೋಫಾ ಚರ್ಮದ್ದಾಯಿತು, ಭುಜ ಅನಾಥವಾಯಿತು. ಈಗ ಲಾಕ್‌ಡೌನಿನಲ್ಲಿ ಇಬ್ಬರೂ ದಿನವಿಡೀ ಮನೆಯಲ್ಲೇ ಇದ್ದರೂ ಒಬ್ಬೊಬ್ಬರು ಒಂದೊಂದು ಕೋಣೆಯ ಮೀಟಿಂಗಿನಲ್ಲಿರುತ್ತಿದ್ದರು.

ಅಷ್ಟರಲ್ಲಿ ಒಂದು ಇಮೇಲ್ ಬಂತು. ಲಾಸ್ ಏಂಜಲೀಸಿನ ಲಿನ್ ಎಂಬ ವೈದ್ಯೆ, ಮನೆಯೊಳಗೆ ಸಿಕ್ಕಿಕೊಂಡವರ ಸೇವೆಗೆಂದು, ಚೀನಾದ ಹಳೆಯ ಮರ್ದನವಿದ್ಯೆಯನ್ನು ಶನಿವಾರ ಝೂಮಿನಲ್ಲಿ ಉಚಿತವಾಗಿ ಕಲಿಸುತ್ತಾರಂತೆ. ಕರುಣಾಕರ ಕೂಡಲೇ ಸುಗಂಧಿಯ ಹೆಸರು ಸೇರಿಸಿದ. ತಾನು ರೋಗಿಯ ಪಾತ್ರಕ್ಕೆ ಸಜ್ಜಾದ.

ಶನಿವಾರ ಅವನು ಬನಿಯನ್ನಿನಲ್ಲಿ ಕುರ್ಚಿ ಹಿಡಿದು ಕುಳಿತಿದ್ದರೆ ಲಿನ್ ಮೇಡಂ ಮೊದಲ ಮಾತಿಗೇ ತಣ್ಣೀರೆರಚಿದರು. "ಕಲಿಯಲು ಹೆಸರು ಕೊಟ್ಟವರು ಮೊದಲು ಒತ್ತಿಸಿಕೊಳ್ಳಬೇಕು. ಮೊದಲು ಮೈಗೆ ಗೊತ್ತಾಗಲಿ, ಆಮೇಲೆ ಕೈಗೆ."

"ಏಳಿ ಮಾರಾಯ್ರೇ, ಜಾಗ ಬಿಡಿ" ಎಂದು ಸುಗಂಧಿ ಸಿಂಹಾಸನಾರೋಹಣ ಮಾಡಿದಳು.

"ಸ್ವಲ್ಪ ಎಣ್ಣೆ ಹಚ್ಚಿ" ಎಂದರು ಮೇಡಂ. ಉಡುಪಿ ಕಡೆಯವನಿಗೆ ಸ್ವಲ್ಪ ಎಣ್ಣೆಯೆಂದರೆ ದೀಪಾವಳಿ ಅಭ್ಯಂಗದ ಲೆಕ್ಕ. ಬಿಸಿ ಮಾಡಿಟ್ಟಿದ್ದ ತೆಂಗಿನೆಣ್ಣೆಯನ್ನು ಸೌಟಿನಲ್ಲೇ ಸುರಿದ. ಕತ್ತಿನ ಬುಡದಲ್ಲಿ ಒತ್ತಬೇಕಿದ್ದ ಹೆಬ್ಬೆರಳು ಸರ್ರನೆ ಮೊಣಕೈಗೆ ಇಳಿಯಿತು.

ಮೇಡಂ ಕ್ಯಾಮೆರಾದ ಹತ್ತಿರ ಬಂದು ಕಣ್ಣರಳಿಸಿದರು. "ಭುಜ ಒತ್ತಬೇಕು ಸರ್, ಕರಿಯಬಾರದು!"

ಪರದೆಯ ಚೌಕಗಳಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎಣ್ಣೆ ಒರೆಸಿ ಮತ್ತೆ ಶುರು. ಇನ್ನೂ ಕೆಳಗೆ, ನಿಧಾನ, ಮೈಭಾರ ಬಿಡಿ ಎಂದು ಮೇಡಂ ಬಿಡದೆ ತಿದ್ದಿದರು. ಕ್ಲಾಸು ಮುಗಿಯುವ ಹೊತ್ತಿಗೆ ಸುಗಂಧಿ ತೂಕಡಿಸುತ್ತಿದ್ದಳು. ಬಗ್ಗಿ ಬಗ್ಗಿ ಕರುಣಾಕರನ ಭುಜ ನಿಜವಾಗಿಯೂ ಹಿಡಿದುಕೊಂಡಿತ್ತು. "ಪಾತ್ರ ಬದಲಾವಣೆ ಮುಂದಿನ ಶನಿವಾರ" ಎಂದು ಮೇಡಂ ಕೈಬೀಸಿ ಮಾಯವಾದರು.

"ಸುಗಂಧೀ, ನೋವು ತಡೀಲಿಕ್ಕೆ ಆಗ್ತಾ ಇಲ್ಲ!"

"ಸಾಕು ಮಾರಾಯ್ರೇ ನಾಟಕ. ಡೈಮಂಡ್ ಬಾರಲ್ಲೂ ನಿಮ್ಗೆ ನೋವು ಇರ್ಲಿಲ್ಲ. ನಂಗೆ ಗೊತ್ತಿತ್ತು."

ಕರುಣಾಕರ ಬೆಪ್ಪಾದ. "ಗೊತ್ತಿದ್ದೂ ದಿನಾ ಒತ್ತಿದ್ಯಾ?"

"ಮತ್ತೆಂತ ಮಾಡುದು? ಆ ಊರಲ್ಲಿ ಮಾತಾಡ್ಲಿಕ್ಕೆ ನಂಗೆ ನೀವೊಬ್ರೇ ಇದ್ದದ್ದು. ಒತ್ತುತ್ತಾ ಇದ್ರೆ ಎದ್ದು ಹೋಗ್ತಿರ್ಲಿಲ್ಲ."

ಅಂದು ಅವಳು ಹೇಳಿದ ಸುದ್ದಿಗಳಲ್ಲಿ ಒಂದೂ ಅವನಿಗೆ ನೆನಪಿರಲಿಲ್ಲ. ಪುಣ್ಯಾತ್ಮ ಕಣ್ಣು ಮುಚ್ಚಿ ಸುಖಪಟ್ಟದ್ದಷ್ಟೇ. "ಈಗ ಹೇಳು, ಕೇಳ್ತೇನೆ. ಎಲ್ಲಿಗೂ ಎದ್ದು ಹೋಗುದಿಲ್ಲ" ಎಂದ.

"ಹೌದಾ?" ಸುಗಂಧಿಯ ಮುಖ ಅರಳಿತು. ತಿರುಗಿ ಕುಳಿತು ಬೆನ್ನು ಕೊಟ್ಟಳು. "ಹಾಗಾದ್ರೆ ಒತ್ತುತ್ತಾ ಕೇಳಿ. ಬಲಗಡೆ ಇನ್ನೂ ಬಾಕಿ ಉಂಟು."